ಟೆರೇಸಿನ ಮೇಲೆ ಬರುತ್ತಿದ್ದ ಫೋನು

ಸಲಹೆ ಕೇಳಲು ನನ್ನ ಹತ್ತಿರ ಮೊದಲು ಬಂದವರು ಹೆಂಡತಿ. ಮಗಳನ್ನು ಶಾಲೆಗೆ ಬಿಟ್ಟು, ಗಂಡನಿಗೆ ಹೇಳದೆ, ಅನಗೋಳದಿಂದ ಸಿಟಿ ಬಸ್ ಹತ್ತಿ ಬಂದಿದ್ದರು. ಐದು ನಿಮಿಷ ಸುಮ್ನೆ ಕೂತರು. ಆಮೇಲೆ ಹೇಳಿದರು: "ರಾತ್ರಿ ಫೋನ್ ಬಂದ್ರ ಟೆರೇಸಿಗೆ ಹೋಗ್ತಾರ್ರೀ. ದನಿ ಸಣ್ಣದು ಮಾಡಿ ಮಾತಾಡ್ತಾರ. ಯಾರೋ ಬ್ಯಾರೇ ಹೆಂಗಸು ಅದಾಳ ಅನ್ನಿಸೈತಿ."

ಫೋನ್ ಕದ್ದು ನೋಡಬೇಡಿ, ಅವರನ್ನೇ ಕರೆದುಕೊಂಡು ಬನ್ನಿ ಅಂದೆ. ಹತ್ತು ದಿನ ಬಿಟ್ಟು ಇಬ್ಬರೂ ಬಂದರು. (ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಗಂಡನಿಗೆ 37 ವರ್ಷ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಕೈಗೆ ಬರುವ ಸಂಬಳ 41,000. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ ಸುಮಾರು 8,000 ದುಡಿಯುತ್ತಾರೆ. ಗಂಡ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಮೂರು ಕ್ರೆಡಿಟ್ ಕಾರ್ಡು ತೆಗೆದು ಟೇಬಲ್ ಮೇಲೆ ಇಟ್ಟರು. ಟೆರೇಸಿಗೆ ಬರುತ್ತಿದ್ದ ಫೋನು ವಸೂಲಿಯವರದು.

ಹೆಂಡತಿ ಮೊದಲು ನಕ್ಕರು. ಆಮೇಲೆ ಅತ್ತರು.

ಶುರುವಾಗಿದ್ದು ಬೋರ್‌ವೆಲ್‌ನಿಂದ. ಊರು ಸವದತ್ತಿ ತಾಲೂಕಿನಲ್ಲಿ. ಅಪ್ಪನ ಹೊಲದಲ್ಲಿ ಮೊದಲನೇ ಬೋರ್ ಒಣ ಧೂಳು ಉಗುಳಿತು. ಎರಡನೆಯದು ಒಂದು ಹಂಗಾಮು ನೀರು ಕೊಟ್ಟು ನಿಂತಿತು. ಮನೆಯ ಹಿರಿಯ ಮಗ, ಬೆಳಗಾವಿಯಲ್ಲಿ ನೌಕರಿ. ಅಪ್ಪನಿಗೆ ದುಡ್ಡಿಲ್ಲ ಅನ್ನಲು ಬಾಯಿ ಬರಲಿಲ್ಲ. ಕಾರ್ಡ್ ಇತ್ತು. ಉಜ್ಜಿದರು. ಆಮೇಲೆ ಮಗಳ ಫೀಸು, ಬೈಕ್ ರಿಪೇರಿ, ಒಂದು ಮೊಬೈಲು. ನಿಜವಾಗಿ ಖರ್ಚು ಮಾಡಿದ್ದು ಎರಡೂವರೆ ಲಕ್ಷದ ಒಳಗೇ ಅಂತ ಅವರ ಲೆಕ್ಕ. ನನ್ನ ಹತ್ತಿರ ಬಂದಾಗ ಬಾಕಿ 4,12,000.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ದಿನವೇ ಪೆನ್ನು ಹಿಡಿದು ಲೆಕ್ಕಕ್ಕೆ ಇಳಿದೆ. ಅವರಿಗೆ ಆಗ ಲೆಕ್ಕ ಬೇಕಿರಲಿಲ್ಲ. ಎರಡು ವರ್ಷ ಒಬ್ಬರೇ ಹೊತ್ತಿದ್ದನ್ನು ಮೊದಲ ಸಲ ಕೆಳಗಿಟ್ಟಿದ್ದರು. ನಾನು ಬಡ್ಡಿ ಬಡ್ಡಿ ಅನ್ನುತ್ತಿದ್ದರೆ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಪೆನ್ನು ಕೆಳಗಿಟ್ಟೆ. ಆ ದಿನ ಬರೀ ನಿದ್ದೆ, ಊಟ, ಜೀವದ ಬಗ್ಗೆ ಕೆಟ್ಟ ಯೋಚನೆ ಬರುತ್ತದಾ ಅನ್ನುವುದನ್ನು ಕೇಳಿದೆ. ಒಂದು ಸಲ ಬಂದಿತ್ತಂತೆ. ಹಾಗೆ ಬಂದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ ಅಂತ ಇಬ್ಬರ ಫೋನಿನಲ್ಲೂ ನಂಬರ್ ಹಾಕಿಸಿದೆ. ಸಾಲದ ಪ್ರಕರಣದಲ್ಲಿ ಇದನ್ನು ನೇರವಾಗಿ ಕೇಳಲೇಬೇಕು. ಕೇಳಿದರೆ ತಲೆಗೆ ಹುಳ ಬಿಟ್ಟಂತೆ ಆಗುತ್ತದೆ ಅನ್ನುವುದು ಸುಳ್ಳು.

ಮುಂದಿನ ವಾರ ಬಿಲ್ಲು ತಂದರು. ಮೊದಲನೇ ಕಾರ್ಡಿನಲ್ಲಿ 1,86,000 ಬಾಕಿ, ತಿಂಗಳಿಗೆ ಶೇ. 3.5 ಬಡ್ಡಿ. ಎರಡನೆಯದರಲ್ಲಿ 1,42,000, ಶೇ. 3.75. ಮೂರನೆಯದರ 84,000 ಆಗಲೇ ಇಎಂಐ ಆಗಿತ್ತು, ವರ್ಷಕ್ಕೆ ಶೇ. 16ರಂತೆ, ಇನ್ನೂ 18 ಕಂತು, ತಿಂಗಳಿಗೆ 5,300ರ ಹತ್ತಿರ.

"ತಿಂಗಳಿಗೆ ಮೂರೂವರೆ ಅಂದ್ರ ಊರಾಗ ಕೈಗಡ ಕೊಡೋರೂ ಅಷ್ಟ ತಗೋತಾರ್ರೀ" ಅಂದರು ಅವರು. ಊರಿನ ಸಾಹುಕಾರ ಬಡ್ಡಿಗೆ ಜಿಎಸ್‌ಟಿ ಹಾಕುವುದಿಲ್ಲ ಅಂದೆ. ಕಾರ್ಡಿನ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ. ಮೂರೂವರೆ ಅನ್ನುವುದು 4.13 ಆಗುತ್ತದೆ. ವರ್ಷಕ್ಕೆ ಶೇ. 49 ದಾಟುತ್ತದೆ.

ಅವರ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಬಾಕಿಯ ಶೇ. 5. ಎರಡು ಕಾರ್ಡಿಗೆ ಸೇರಿ ತಿಂಗಳಿಗೆ 16,400. ಅದರಲ್ಲಿ ಬಡ್ಡಿ ಮತ್ತು ತೆರಿಗೆಗೇ ಹೋಗುವುದು 13,965. ಅಸಲಿಗೆ ಇಳಿಯುವುದು 2,435. ಹೆಂಡತಿಯ ಕೈಗೆ ಕ್ಯಾಲ್ಕುಲೇಟರ್ ಕೊಟ್ಟೆ. ಮೂರು ಸಲ ಒತ್ತಿದರು. ಮೂರು ಸಲವೂ ಅಷ್ಟೇ ಬಂತು. ಬಿಲ್ಲಿನ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಅಂತ. ಗಂಡನ ಕೈಯಲ್ಲೇ ಓದಿಸಿದೆ. ಇಷ್ಟು ದಿನ ಆ ಪುಟ ತಿರುವಿಯೇ ಇರಲಿಲ್ಲವಂತೆ.

ಅವರ ಪರ್ಸಿನಲ್ಲಿ ಒಂದು ಚೀಟಿ ಇತ್ತು. 4, 11, 19 ಅಂತ ಬರೆದಿತ್ತು. ಮೂರು ಕಾರ್ಡಿನ ಕೊನೆಯ ದಿನಾಂಕಗಳು. 4ನೇ ತಾರೀಖಿಗೆ ಕಟ್ಟಲು ದುಡ್ಡಿಲ್ಲದಿದ್ದರೆ ಒಂದು ಮೊಬೈಲ್ ಅಂಗಡಿಯಲ್ಲಿ ಬೇರೆ ಕಾರ್ಡು ಸ್ವೈಪ್ ಮಾಡುವುದು. ಅಂಗಡಿಯವನು ನೂರಕ್ಕೆ ಎರಡು ರೂಪಾಯಿ ಹಿಡಿದು ನಗದು ಕೊಡುತ್ತಾನೆ. ಅದನ್ನು ತುಂಬುವುದು. 19ಕ್ಕೆ ಮತ್ತೊಂದು. ಇದಕ್ಕೆ ಅವರು ಇಟ್ಟ ಹೆಸರು 'ರೊಟೇಶನ್'. "ಬರೇ ಎರಡು ಪರ್ಸೆಂಟ್ ಅಲ್ರೀ?" ಹೌದು, ಆದರೆ ತಿಂಗಳು ತಿಂಗಳೂ. ಜೊತೆಗೆ ಹಳೆ ಬಾಕಿ ಉಳಿದಿರುವಾಗ ಕಾರ್ಡಿಗೆ ಬಡ್ಡಿಯಿಲ್ಲದ ಅವಧಿಯೇ ಇರುವುದಿಲ್ಲ. ಹೊಸದಾಗಿ ಉಜ್ಜಿದ್ದಕ್ಕೆ ಮೊದಲ ದಿನದಿಂದಲೇ ಬಡ್ಡಿ. ಅದೇ ಬಿಲ್ಲಿನಲ್ಲಿ ಅರ್ಧ ಕೆಜಿ ಕುಂದಾ ಕೂಡ ಇತ್ತು, ಅತ್ತೆ ಮನೆಗೆ ಒಯ್ದದ್ದು. ಆ ಕುಂದಾಕ್ಕೂ ಅದೇ ಬಡ್ಡಿ ಬಿದ್ದಿತ್ತು.

ಮೂರು ಕಾರ್ಡಿಗೆ 21,700 ಹೋಗುತ್ತಿತ್ತು. ಸಾಲ ಇದ್ದಲ್ಲೇ ಇತ್ತು.

ಇನ್ನೊಂದು ಕಡೆ ಏನಿತ್ತು ನೋಡಿ. ಒಂದು ಸೊಸೈಟಿಯಲ್ಲಿ 70,000 ಠೇವಣಿ. ಹೆಂಡತಿಯ ಪಿಗ್ಮಿ 22,000. ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ತಿಂಗಳಿಗೆ 3,000. ಲಾಕರಿನಲ್ಲಿ ಬಂಗಾರದ ಪಾಟ್ಲಿ ಬಳೆ, ಬೋರಮಾಳ ಸರ, ತವರಿನವರು ಹಾಕಿದ್ದು. ಠೇವಣಿಗೆ ಶೇ. 8 ಬರುತ್ತಿತ್ತು, ಸುಕನ್ಯಾಕ್ಕೆ ಶೇ. 8.2. ಈ ಕಡೆ ಎಂಟು ಗಳಿಸುತ್ತಾ ಆ ಕಡೆ ನಲವತ್ತೊಂಬತ್ತು ಕೊಡುವುದು. ಓದಿದವರ ಮನೆಯಲ್ಲೇ ಇದು ಜಾಸ್ತಿ. ಉಳಿತಾಯ ಮುಟ್ಟಬಾರದು ಅಂತ ಕಲಿತಿರುತ್ತೇವೆ. ಸಾಲವೂ ಒಂದು ಖಾತೆಯೇ, ಅದರಲ್ಲಿ ದುಡ್ಡು ಉಲ್ಟಾ ಓಡುತ್ತಿರುತ್ತದೆ ಅಂತ ಯಾರೂ ಕಲಿಸಿರುವುದಿಲ್ಲ.

ಠೇವಣಿ ಮುರಿಯಲು ಗಂಡ ತಕ್ಷಣ ಒಪ್ಪಿದರು. ಬಂಗಾರದ ಮಾತು ಬಂದಾಗ ಹೆಂಡತಿ ಸೆರಗು ಬಿಗಿ ಹಿಡಿದರು. "ಬಂಗಾರ ಅಡವಿಟ್ರ ತವರಮನ್ಯಾಗ ಏನಂತ ಹೇಳ್ಲಿ?" ಅದು ಸಣ್ಣ ಮಾತಲ್ಲ. ನಾನು ಒತ್ತಾಯ ಮಾಡಲಿಲ್ಲ. ಅದು ಅವರ ಬಂಗಾರ, ಸಾಲ ಅವರದಲ್ಲ. ಇಡದಿದ್ದರೆ ಉಳಿಯುವ ದಾರಿಯನ್ನೂ ಹೇಳಿದೆ: ಬ್ಯಾಂಕಿಗೆ ಬರೆದು ಬಾಕಿಯನ್ನೆಲ್ಲ ಇಎಂಐ ಮಾಡಿಸುವುದು. ಬಡ್ಡಿ ಶೇ. 16ರ ಆಸುಪಾಸು ಬೀಳುತ್ತದೆ, ತಡವಾಗುತ್ತದೆ, ಆದರೆ ತೀರುತ್ತದೆ. ಯೋಚಿಸಿ ಅಂತ ಕಳಿಸಿದೆ.

ಮೂರನೇ ಸಲ ಬಂದಾಗ ಹೆಂಡತಿ ಎರಡು ಷರತ್ತು ತಂದಿದ್ದರು. ಪ್ರತಿ ತಿಂಗಳ ಬಿಲ್ಲು ತಮ್ಮ ಎದುರಿಗೇ ತೆರೆಯಬೇಕು. ಬೋರ್‌ವೆಲ್ ದುಡ್ಡು ಎಲ್ಲಿಂದ ಬಂತು ಅಂತ ಗಂಡನೇ ಹೋಗಿ ಮಾವನಿಗೆ ಹೇಳಬೇಕು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಯೋಜನೆ ಹೀಗೆ ಮಾಡಿದೆವು. ಸರ್ಕಾರಿ ಬ್ಯಾಂಕಿನಲ್ಲಿ ಬಂಗಾರದ ಮೇಲೆ 2,10,000, ವರ್ಷಕ್ಕೆ ಶೇ. 9.5. ಒಂದೇ ಸಾಲ ಬೇಡ, ಎರಡು ಖಾತೆ ಮಾಡಿಸಿ ಅಂದೆ: ಪಾಟ್ಲಿ ಮೇಲೆ 1,00,000, ಉಳಿದದ್ದರ ಮೇಲೆ 1,10,000. ಒಂದೇ ಸಾಲವಾದರೆ ಕೊನೆಯ ರೂಪಾಯಿ ತೀರುವ ತನಕ ಒಂದು ಒಡವೆಯೂ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ಎರಡಾದರೆ ಅರ್ಧ ದಾರಿಯಲ್ಲಿ ಒಂದು ಬಿಡಿಸಿಕೊಳ್ಳಬಹುದು. ಹೆಂಡತಿ ಒಪ್ಪಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನಗನಿಸುತ್ತದೆ.

ಠೇವಣಿಯ 70,000 ಸೇರಿ 2,80,000 ಆಯಿತು. ಬಡ್ಡಿ ಜಾಸ್ತಿ ಇದ್ದ ಎರಡನೇ ಕಾರ್ಡು ಪೂರ್ತಿ ತೀರಿತು. ಮೊದಲನೆಯದರಲ್ಲಿ 48,000 ಉಳಿಯಿತು. ತಿಂಗಳಿಗೆ 11,000 ಕಟ್ಟಿದರೆ ಐದು ತಿಂಗಳು. ಇಎಂಐ, ಬಂಗಾರದ ಬಡ್ಡಿ ಎಲ್ಲ ಸೇರಿ 18,000. ಮೊದಲಿಗಿಂತ ಕಡಿಮೆ, ಆದರೆ ಈ ಸಲ ಸಾಲ ಇಳಿಯುತ್ತದೆ. ಸುಕನ್ಯಾ ಖಾತೆಗೆ ವರ್ಷಕ್ಕೆ 250 ಹಾಕಿದರೂ ಜೀವಂತ ಇರುತ್ತದೆ, ಎರಡು ವರ್ಷ ಅಷ್ಟೇ ಹಾಕಿ ಅಂದೆ. ಪಿಗ್ಮಿ ಮಾತ್ರ ಮುಟ್ಟಬೇಡಿ ಅಂದೆ. ಮಗಳಿಗೆ ಜ್ವರ ಬಂದ ರಾತ್ರಿ ಕೈಯಲ್ಲಿ ಏನೂ ಇಲ್ಲದಿದ್ದರೆ ಮತ್ತೆ ಕಾರ್ಡೇ ಹೊರಗೆ ಬರುತ್ತದೆ.

ತೀರಿದ ಕಾರ್ಡನ್ನು ಮುಚ್ಚಲು ಅರ್ಜಿ ಕೊಡಿಸಿದೆ. ಬಾಕಿ ಇಲ್ಲದ ಕಾರ್ಡನ್ನು ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡ ಮಾಡಿದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ.

ವಸೂಲಿ ಫೋನಿನ ಬಗ್ಗೆ. ಒಂದು ತಿಂಗಳು ಮಿನಿಮಮ್ ತಪ್ಪಿದ್ದಕ್ಕೆ ರಾತ್ರಿ ಒಂಬತ್ತೂವರೆಗೆ ಫೋನ್, ಫೌಂಡ್ರಿ ಮಾಲೀಕರಿಗೂ ಒಂದು ಫೋನ್. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ತಾರೀಖು, ಹೊತ್ತು, ನಂಬರ್ ಬರೆದಿಡಿ, ಬ್ಯಾಂಕಿನ ದೂರು ಅಧಿಕಾರಿಗೆ ಇಮೇಲ್ ಮಾಡಿ, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಮಾಹಿತಿಗೆ 14448 ಅಂದೆ. ಇಮೇಲ್ ಹೋದ ವಾರಕ್ಕೇ ರಾತ್ರಿ ಫೋನು ನಿಂತವು. ಪೊಲೀಸರು ಹಿಡೀತಾರಾ ಅಂತ ಎರಡು ಸಲ ಕೇಳಿದರು. ದುಡ್ಡಿಲ್ಲದೆ ಕಾರ್ಡ್ ಬಾಕಿ ಉಳಿಸಿಕೊಂಡರೆ ಅದು ಸಿವಿಲ್ ವಿಷಯ, ಅಷ್ಟಕ್ಕೇ ಜೈಲಿಲ್ಲ. ಕೊಟ್ಟ ಚೆಕ್ ಬೌನ್ಸ್ ಆದರೆ ಕತೆ ಬೇರೆ. ಆದರೆ ಕೋರ್ಟಿನ ಕಾಗದ ಬಂದರೆ ಒಡೆದು ಓದಿ, ಅಲಮಾರಿಗೆ ತುರುಕಬೇಡಿ ಅಂದೆ.

ಸೆಟಲ್‌ಮೆಂಟ್ ಮಾಡಿಸಿಕೊಡುತ್ತೇನೆ, ಅರ್ಧ ಮನ್ನಾ, ಮೊದಲು ಫೀಸು ಕೊಡಿ ಅಂತ ಒಬ್ಬ ಅವರ ಹಿಂದೆ ಬಿದ್ದಿದ್ದ. ಬೇಡ ಅಂದೆ. ಸಂಬಳ ಇದೆ, ಬಂಗಾರ ಇದೆ. ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬಿದ್ದರೆ ನಾಳೆ ಮನೆ ಸಾಲಕ್ಕೆ ಅಡ್ಡ ಬರುತ್ತದೆ. ನೌಕರಿಯೇ ಹೋದವರು ಬಂದಿದ್ದರೆ ಸೆಟಲ್‌ಮೆಂಟೇ ಮಾಡಿಕೊಳ್ಳಿ ಅನ್ನುತ್ತಿದ್ದೆ, ಅದೂ ನೇರವಾಗಿ ಬ್ಯಾಂಕಿನ ಜೊತೆ, ದುಡ್ಡು ಕಟ್ಟುವ ಮೊದಲೇ ಕಾಗದ ಪಡೆದು. ಬಡ್ಡಿಗೆ ಕಾನೂನಿನ ಮಿತಿ ಇದೆಯಂತಲ್ಲ ಅಂತಲೂ ಕೇಳಿದರು. ಶೇ. 30ಕ್ಕಿಂತ ಜಾಸ್ತಿ ಹಾಕಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಅದನ್ನು ತಳ್ಳಿಹಾಕಿತು. ಆ ಆಸೆ ಬಿಡಿ ಅಂದೆ.

ನಾಲ್ಕನೇ ತಿಂಗಳಲ್ಲಿ ಒಂದು ಸಲ ಜಾರಿದರು. ಮೂರನೇ ಕಾರ್ಡು ಉಜ್ಜಿ ಊರ ಜಾತ್ರೆಗೆ 6,000. ಈ ಸಲ ಟೆರೇಸಿಗೆ ಹೋಗಲಿಲ್ಲ, ಅಡುಗೆಮನೆಯಲ್ಲೇ ಹೇಳಿದರಂತೆ. ಮನೆಯಲ್ಲಿ ಜಗಳ ಜೋರಾಗಿಯೇ ಆಯಿತು. ಮರುದಿನ ಹೆಂಡತಿ ಬಟ್ಟೆ ಕತ್ತರಿಯಿಂದ ಆ ಕಾರ್ಡು ತುಂಡು ಮಾಡಿದರು. ಕತ್ತರಿಯ ಮೊನೆ ಹಾಳಾಯಿತು ಅಂತ ನನ್ನೆದುರು ಬೈದರು.

ಮೊದಲನೇ ಕಾರ್ಡಿನ ಬಾಕಿ ಐದರ ಬದಲು ಆರು ತಿಂಗಳಿಗೆ ತೀರಿತು. ದೀಪಾವಳಿ ಬೋನಸ್ ಪೂರ್ತಿ ಪಾಟ್ಲಿ ಖಾತೆಗೆ ಹೋಯಿತು. ಅಪ್ಪನಿಗೆ ಹೇಳುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಯುಗಾದಿಗೆ ಊರಿಗೆ ಹೋದಾಗ ಹೇಳಿದರು. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ಹೇಳಿದ್ರ ಎರಡನೇ ಬೋರ್ ಹೊಡಸ್ತಿರಲಿಲ್ಲಲ್ಲೋ" ಅಂದರಂತೆ.

ಹೋದ ತಿಂಗಳು ಹೆಂಡತಿ ಒಬ್ಬರೇ ಬಂದಿದ್ದರು, ಕೈಯಲ್ಲಿ ಪಾಟ್ಲಿ. ಎರಡನೇ ಖಾತೆಯಲ್ಲಿ ಇನ್ನೂ ಸುಮಾರು ಒಂದು ಲಕ್ಷ ಇದೆ. ನವೀಕರಣಕ್ಕೆ ಬ್ಯಾಂಕಿಗೆ ಯಾವ ಯಾವ ಕಾಗದ ಒಯ್ಯಬೇಕು ಅಂತ ಕೇಳಿ, ಬರೆದುಕೊಂಡು ಹೋದರು.