ಪಸ್ಕ ಹಬ್ಬದ ಲೇಖನ: ನಿಮ್ಮ ಎರಡು ವಾಕ್ಯಗಳ ಬಗ್ಗೆ

ಪ್ರಿಯರೇ,

ನೀವು ಕಳಿಸಿದ ‘ಪಸ್ಕ: ಮೂರು ಸಾವಿರ ವರ್ಷಗಳ ಅಖಂಡ ಪರಂಪರೆ’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಯೆಹೂದಿಗಳು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಈ ಹಬ್ಬದ ಮೊದಲ ರಾತ್ರಿಯ ಊಟವನ್ನು, ಅಂದರೆ ಸೆದೆರ್ ಅನ್ನು, ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಯೆಹೂದಿ ಆಚರಣೆಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಸಂತೋಷವೂ ಆಯಿತು. ಆದರೆ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಸಣ್ಣಪುಟ್ಟ ತಿದ್ದುಪಡಿಗಳನ್ನು ನಾವೇ ಮಾಡಿಕೊಳ್ಳುತ್ತೇವೆ, ಇವೆರಡನ್ನು ಮಾತ್ರ ನೀವೇ ಬಿಚ್ಚಿ ಕಟ್ಟಬೇಕು.

ಮೊದಲನೆಯದು ಎರಡನೇ ಪ್ಯಾರಾದಲ್ಲಿದೆ: “ಮೋಶೆ ಹೇಳಿಕೊಟ್ಟಂತೆಯೇ, ಒಂದಿನಿತೂ ಬದಲಾಗದೆ, ಯೆಹೂದಿಗಳು ಇಂದಿಗೂ ಪಸ್ಕ ಆಚರಿಸುತ್ತಾರೆ.”

ಇದಕ್ಕೆ ಆಧಾರವಾಗಿ ವಿಮೋಚನಕಾಂಡದ 12ನೇ ಅಧ್ಯಾಯ ಕೊಟ್ಟಿದ್ದೀರಿ. ಅದನ್ನೇ ಮತ್ತೊಮ್ಮೆ ತೆರೆದು ನೋಡಿ. ತಿಂಗಳ 10ರಂದು ಒಂದು ವರ್ಷದ, ಊನವಿಲ್ಲದ ಗಂಡು ಮರಿಯನ್ನು ಕುರಿಯಲ್ಲೋ ಆಡಿನಲ್ಲೋ ಆರಿಸಬೇಕು. 14ರ ಸಂಜೆ ಕೊಯ್ದು, ರಕ್ತವನ್ನು ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಬೇಕು. ಮಾಂಸವನ್ನು ಹಸಿಯಾಗಿ ತಿನ್ನಬಾರದು, ನೀರಿನಲ್ಲಿ ಬೇಯಿಸಬಾರದು, ಬೆಂಕಿಯಲ್ಲೇ ಸುಡಬೇಕು. ನಡುಕಟ್ಟಿಕೊಂಡು, ಕಾಲಿಗೆ ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು ಅವಸರದಲ್ಲಿ ತಿನ್ನಬೇಕು. ಇನ್ನು ನಿಮ್ಮದೇ ನಾಲ್ಕನೇ ಪ್ಯಾರಾ ನೋಡಿ. ಮನೆಯವರು ಎಡಕ್ಕೆ ಒರಗಿ ನಿಧಾನವಾಗಿ ನಾಲ್ಕು ಲೋಟ ದ್ರಾಕ್ಷಾರಸ ಕುಡಿಯುತ್ತಿದ್ದಾರೆ. ತಟ್ಟೆಯಲ್ಲಿ ಒಂದು ಮೂಳೆ ಇದೆ, ಅದನ್ನು ಯಾರೂ ತಿನ್ನುವುದಿಲ್ಲ. ಬಾಗಿಲಿಗೆ ರಕ್ತವಿಲ್ಲ, ಕೋಲಿಲ್ಲ, ಅವಸರವಿಲ್ಲ. ಈ ಎರಡು ಪ್ಯಾರಾಗಳ ನಡುವೆ ಏನೇನು ನಡೆಯಿತು ಎಂಬುದೇ ಲೇಖನದ ಜೀವಾಳ. ಅದನ್ನೇ ನೀವು ಬಿಟ್ಟಿದ್ದೀರಿ.

ಬದಲಾವಣೆ ಬೈಬಲಿನ ಒಳಗೇ ಶುರುವಾಗುತ್ತದೆ. ವಿಮೋಚನಕಾಂಡದಲ್ಲಿ ಪಸ್ಕ ಮನೆಮನೆಯ ಆಚರಣೆ. ಧರ್ಮೋಪದೇಶಕಾಂಡದ 16ನೇ ಅಧ್ಯಾಯಕ್ಕೆ ಬಂದರೆ ನಿಮ್ಮ ಊರುಗಳಲ್ಲಿ ಮಾಡಕೂಡದು, ದೇವರು ಆರಿಸಿದ ಒಂದೇ ಸ್ಥಳದಲ್ಲಿ ಮಾಡಬೇಕು ಎನ್ನುತ್ತದೆ. ದನವನ್ನೂ ಅರ್ಪಿಸಬಹುದು. ಅಡುಗೆಗೆ ಅಲ್ಲಿ ಬಳಸಿದ ಹೀಬ್ರೂ ಕ್ರಿಯಾಪದವೂ ವಿಮೋಚನಕಾಂಡ ಬೇಡವೆಂದ ‘ಬೇಯಿಸು’ ಎಂಬುದೇ. ಮುಂದೆ ಪೂರ್ವಕಾಲವೃತ್ತಾಂತ ಬರೆದವರು ಎರಡನ್ನೂ ಕೂಡಿಸಿ, ಪಸ್ಕವನ್ನು ‘ಬೆಂಕಿಯಲ್ಲಿ ಬೇಯಿಸಿದರು’ ಎಂದುಬಿಟ್ಟರು. ಎರಡು ವಿಧಿಗಳು ತಾಳೆಯಾಗದಿದ್ದುದು ಅವರ ಕಣ್ಣಿಗೇ ಬಿದ್ದಿತ್ತು.

ನಿಮ್ಮ ಮುಂದಿನ ಸಾಲು: “ಅರಸರ ಕಾಲದಲ್ಲೂ ಜನ ಇದನ್ನು ತಪ್ಪದೆ ಪಾಲಿಸಿದರು.” ಅರಸುಗಳು ಎರಡನೆಯ ಪುಸ್ತಕದ 23ನೇ ಅಧ್ಯಾಯ ಇದಕ್ಕೆ ನೇರ ವಿರುದ್ಧವಾಗಿದೆ. ಯೋಷೀಯ ಅರಸ ಜೆರುಸಲೇಮಿನಲ್ಲಿ ಆಚರಿಸಿದಂಥ ಪಸ್ಕ ಅರಸರಿಗಿಂತ ಮೊದಲಿನ ನ್ಯಾಯಸ್ಥಾಪಕರ ಕಾಲದಿಂದಲೂ ನಡೆದಿರಲಿಲ್ಲ ಎಂದು ಅಲ್ಲಿ ಬರೆದಿದೆ.

ನಾನು ಕರಡು ತಿದ್ದಲು ಕಲಿತದ್ದು ಒಬ್ಬ ಹಿರಿಯ ಉಪಸಂಪಾದಕರ ಕೈಕೆಳಗೆ. ಯಾವ ಮತದ ಆಚಾರದ ಬಗ್ಗೆ ಲೇಖನ ಬಂದರೂ ಹಾಳೆಯ ಅಂಚಿನಲ್ಲಿ ‘ಯಾರು? ಎಲ್ಲಿ? ಎಂದಿನಿಂದ?’ ಎಂದು ಬರೆಸುತ್ತಿದ್ದರು. ಗ್ರಂಥ ಏನು ಮಾಡಬೇಕೆಂದಿದೆ, ಜನ ಏನು ಮಾಡಿದರೆಂಬುದಕ್ಕೆ ದಾಖಲೆ ಏನಿದೆ ಎಂದು ಎರಡು ಪಟ್ಟಿ ಮಾಡಿಸುತ್ತಿದ್ದರು. ಮೊದಲ ಪಟ್ಟಿಯಲ್ಲಿರುವುದನ್ನು ಎರಡನೆಯದಕ್ಕೆ ದಾಟಿಸಲು ಬಿಡುತ್ತಿರಲಿಲ್ಲ. ನಿಮ್ಮ ಲೇಖನಕ್ಕೂ ಇದನ್ನೇ ಮಾಡಿ ನೋಡಿ.

ಎರಡನೇ ಪಟ್ಟಿಗೆ ಸೇರಬೇಕಾದ ಒಂದು ದಾಖಲೆ ಕೊಡುತ್ತೇನೆ. ಈಜಿಪ್ಟಿನ ಅಸ್ವಾನ್ ಬಳಿ, ನೈಲ್ ನದಿಯ ನಡುವಿನ ಎಲಿಫೆಂಟೈನ್ ದ್ವೀಪದಲ್ಲಿ ಪರ್ಷಿಯನ್ನರ ಕೈಕೆಳಗೆ ಯೆಹೂದಿ ಸೈನಿಕರ ವಸಾಹತು ಇತ್ತು. ಅವರಿಗೆ ಹನನ್ಯ ಎಂಬಾತ ಕ್ರಿ.ಪೂ. 419ರಲ್ಲಿ ಅರಮೇಯಿಕ್ ಭಾಷೆಯಲ್ಲಿ ಬರೆದ ಪತ್ರ ಸಿಕ್ಕಿದೆ. ಪಪೈರಸ್ ಅಲ್ಲಲ್ಲಿ ಹರಿದಿದೆ. ಉಳಿದ ಸಾಲುಗಳಲ್ಲಿ ನೀಸಾನ್ ತಿಂಗಳ 15ರಿಂದ 21ರವರೆಗಿನ ಲೆಕ್ಕವಿದೆ. ಶುದ್ಧರಾಗಿರಿ, ಕೆಲಸ ಮಾಡಬೇಡಿ, ಹಬ್ಬದಲ್ಲಿ ನಿಷಿದ್ಧವಾದ ಹುಳಿ ಬಂದದ್ದನ್ನು ಕಣ್ಣಿಗೆ ಬೀಳದಂತೆ ಕೋಣೆಯಲ್ಲಿಟ್ಟು ಮುದ್ರೆ ಹಾಕಿ ಎಂಬ ಸೂಚನೆಗಳಿವೆ. ಇದೇ ಜನರಿಗೆ ಆ ದ್ವೀಪದಲ್ಲೇ ತಮ್ಮದೊಂದು ದೇವಾಲಯವೂ ಇತ್ತು. ಕ್ರಿ.ಪೂ. 410ರಲ್ಲಿ ಅದು ನಾಶವಾದಾಗ ಮತ್ತೆ ಕಟ್ಟಲು ಅನುಮತಿ ಕೊಡಿಸಿ ಎಂದು ಯೆಹೂದದ ರಾಜ್ಯಪಾಲನಿಗೇ ಪತ್ರ ಬರೆದರು. ‘ಒಂದೇ ಸ್ಥಳ’ ಎಂಬ ವಿಧಿ ಅವರನ್ನು ತಡೆದಂತೆ ಕಾಣುವುದಿಲ್ಲ.

ಮುಂದಿನ ಸಾಲು: “ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರೂ ಹಬ್ಬ ನಿಲ್ಲಲಿಲ್ಲ.” ನಿಜ. ಆದರೆ ಬಲಿ ಕೊಡುವ ಜಾಗವೇ ಹೋದ ಮೇಲೆ ಬಲಿಯ ಹಬ್ಬ ನಡೆದದ್ದು ಹೇಗೆ? ಇಲ್ಲಿ ನಿಮಗೆ ಕನಿಷ್ಠ ಮೂರು ಪ್ಯಾರಾ ಬೇಕು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ ಯೆಹೂದಿ ಧರ್ಮವಿಧಿಗಳ ಸಂಗ್ರಹ ಮಿಷ್ನಾದ ‘ಪೆಸಾಹಿಮ್’ ಭಾಗ ಓದಿ. ಪಸ್ಕದ ರಾತ್ರಿ ಸುಟ್ಟ ಮಾಂಸ ತಿನ್ನುವ ರೂಢಿ ಇರುವ ಊರಿನಲ್ಲಿ ತಿನ್ನಲಿ, ಇಲ್ಲದ ಊರಿನಲ್ಲಿ ಬೇಡ ಎಂದು ಅಲ್ಲಿದೆ. ರೋಮ್ ನಗರದಲ್ಲಿ ತೋದೋಸ್ ಎಂಬಾತ ಇಡೀ ಮೇಕೆಮರಿಯನ್ನು ಸುಟ್ಟು ತಿನ್ನುವ ರೂಢಿ ತಂದಿದ್ದ. ಅದು ದೇವಾಲಯದ ಹೊರಗೆ ಬಲಿಯ ಮಾಂಸ ತಿಂದಂತೆ ಕಾಣುತ್ತದೆ ಎಂದು ಪಂಡಿತರು ಸಿಟ್ಟಾದರು. ನೀನು ತೋದೋಸ್ ಅಲ್ಲದೆ ಬೇರೆಯವನಾಗಿದ್ದರೆ ಬಹಿಷ್ಕಾರ ಹಾಕುತ್ತಿದ್ದೆವು ಎಂದು ಹೇಳಿಕಳಿಸಿದರೆಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಹೇಳುತ್ತದೆ.

ಅದೇ ಪೆಸಾಹಿಮ್‌ನ 10ನೇ ಅಧ್ಯಾಯದಲ್ಲಿ ಹೊಸ ಕ್ರಮ ಮೂಡುತ್ತದೆ. ಕಡುಬಡವನಿಗೂ ನಾಲ್ಕು ಲೋಟ ದ್ರಾಕ್ಷಾರಸ ಕೊಡಬೇಕು, ಅವನೂ ಒರಗಿಯೇ ಉಣ್ಣಬೇಕು. ಒರಗುವುದು ಗ್ರೀಕ್-ರೋಮನ್ ಔತಣಗಳಲ್ಲಿ ಸ್ವತಂತ್ರರ ರೀತಿ. ಪಸ್ಕ, ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪು ಈ ಮೂರನ್ನು ಬಾಯಿಬಿಟ್ಟು ವಿವರಿಸದವನ ಕರ್ತವ್ಯ ಪೂರ್ತಿಯಾಗಲಿಲ್ಲ ಎಂದು ಪಂಡಿತ ರಬ್ಬಾನ್ ಗಮಾಲಿಯೇಲ್ ವಿಧಿಸಿದರು. ಕುರಿ ಕೊಯ್ಯುವ ಜಾಗಕ್ಕೆ ಕುರಿಯ ಬಗ್ಗೆ ಮಾತಾಡುವುದು ಬಂದದ್ದು ಹೀಗೆ. ಮಗು ಕೇಳುವ ಪ್ರಶ್ನೆಗಳನ್ನು ನೀವು “ಅನಾದಿಕಾಲದ ನಾಲ್ಕು ಪ್ರಶ್ನೆಗಳು” ಎಂದಿದ್ದೀರಿ. ಮಿಷ್ನಾದಲ್ಲಿ ಅವುಗಳಲ್ಲೊಂದು ‘ಈ ರಾತ್ರಿ ಮಾಂಸವೆಲ್ಲ ಸುಟ್ಟದ್ದೇ ಏಕೆ?’ ಎಂಬುದು. ಸುಟ್ಟ ಮಾಂಸ ಮರೆಯಾದ ಮೇಲೆ ಆ ಪ್ರಶ್ನೆಯೂ ಬಿದ್ದುಹೋಗಿ, ‘ಈ ರಾತ್ರಿ ಎಲ್ಲರೂ ಒರಗುವುದೇಕೆ?’ ಎಂಬುದು ಸೇರಿತು. ಕೈರೋದ ಯೆಹೂದಿ ಮಂದಿರವೊಂದರ ಹಳೆಯ ಕಾಗದಗಳ ಕೋಣೆಯಾದ ಗೆನೀಜಾದಲ್ಲಿ ಸಿಕ್ಕ ಕೆಲವು ಹಳೆಯ ಹಗ್ಗದಾಗಳಲ್ಲಿ, ಅಂದರೆ ಆ ರಾತ್ರಿ ಓದುವ ಪುಸ್ತಕದ ಪ್ರತಿಗಳಲ್ಲಿ, ಸುಟ್ಟ ಮಾಂಸದ ಪ್ರಶ್ನೆ ಇನ್ನೂ ಇದೆ. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಉಳಿದದ್ದೂ ಇದೇ ಗೆನೀಜಾದಲ್ಲಿ. ಕನ್ನಡ ಓದುಗರಿಗೆ ಇದನ್ನು ಹೇಳಲೇಬೇಕು.

‘ಬದಲಾಗಿಲ್ಲ’ ಎಂದರೆ ಆ ಪರಂಪರೆಗೆ ಗೌರವ ಕೊಟ್ಟಂತೆ ಎಂದು ನೀವು ನಂಬಿದಂತಿದೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ಕಳೆದುಕೊಂಡ ಮೇಲೂ ಒಂದು ರೊಟ್ಟಿ, ಒಂದು ಸೊಪ್ಪು, ಒಂದು ಪ್ರಶ್ನೆ ಹಿಡಿದು ಹಬ್ಬವನ್ನು ಉಳಿಸಿಕೊಂಡವರ ದುಡಿಮೆ ಆ ಒಂದು ವಾಕ್ಯದಲ್ಲಿ ಅಳಿಸಿಹೋಗುತ್ತದೆ.

ಎರಡನೇ ವಾಕ್ಯ: “ಈ ಎಂಟು ದಿನ ಎಲ್ಲ ಯೆಹೂದಿಗಳೂ ಅಕ್ಕಿ, ಬೇಳೆ ಮುಟ್ಟುವುದಿಲ್ಲ.”

‘ಎಂಟು ದಿನ’ದಿಂದ ಹಿಡಿಯೋಣ. ಇಸ್ರೇಲಿನಲ್ಲಿ ಹಬ್ಬ ಏಳೇ ದಿನ, ಸೆದೆರ್ ಒಂದೇ ರಾತ್ರಿ. ಹೊರದೇಶಗಳ ಸಂಪ್ರದಾಯಸ್ಥರಿಗೆ ಎಂಟು ದಿನ, ಎರಡು ಸೆದೆರ್. ಮೊದಲು ಅಮಾವಾಸ್ಯೆಯ ನಂತರ ಚಂದ್ರನನ್ನು ಕಂಡ ಸಾಕ್ಷಿಗಳ ಮೇಲೆ ತಿಂಗಳು ನಿಶ್ಚಯವಾಗುತ್ತಿತ್ತು. ಸುದ್ದಿಯನ್ನು ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚಿ ಮುಟ್ಟಿಸುತ್ತಿದ್ದರು, ಮುಂದೆ ದೂತರನ್ನು ಕಳಿಸತೊಡಗಿದರು. ದೂತರು ಸಮಯಕ್ಕೆ ತಲುಪದ ಊರುಗಳಲ್ಲಿ ಅನುಮಾನಕ್ಕೆ ಎರಡು ದಿನ ಆಚರಿಸುತ್ತಿದ್ದರು. ಪಂಚಾಂಗ ಲೆಕ್ಕದಿಂದ ಸ್ಥಿರವಾದ ಮೇಲೂ, ಹಿರಿಯರ ರೂಢಿ ಬಿಡಬೇಡಿ ಎಂಬ ಮಾತಿನ ಮೇಲೆ ಅದು ಉಳಿಯಿತು.

ಇನ್ನು ಅಕ್ಕಿ. ನಿಷೇಧವಿರುವುದು ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳು ನೀರು ತಾಗಿ ಹುಳಿಯುವುದಕ್ಕೆ. ರೊಟ್ಟಿಯ ಹಿಟ್ಟಿಗೆ ನೀರು ಬಿದ್ದ ಮೇಲೆ ನಾದದೆ ಬಿಟ್ಟರೆ 18 ನಿಮಿಷಕ್ಕೆ ಹುಳಿಯಿತೆಂದೇ ಲೆಕ್ಕ. ಅದಕ್ಕೇ ಅಷ್ಟರೊಳಗೆ ಲಟ್ಟಿಸಿ, ಚುಚ್ಚಿ, ಸುಟ್ಟು ಮುಗಿಸುತ್ತಾರೆ. ಅಕ್ಕಿಯೂ ಧಾನ್ಯವೇ ಎಂದ ರಬ್ಬಿ ಯೋಹಾನಾನ್ ಬೆನ್ ನೂರಿಯ ಮಾತನ್ನು ತಾಲ್ಮುದ್ ಒಪ್ಪಲಿಲ್ಲ. ಸೆದೆರ್‌ನಲ್ಲಿಡುವ ಎರಡು ಬೇಯಿಸಿದ ಪದಾರ್ಥಗಳಿಗೆ ತಾಲ್ಮುದಿನ ಪಂಡಿತ ರವ್ ಹೂನಾ ಕೊಟ್ಟ ಉದಾಹರಣೆಯಲ್ಲಿ ಅಕ್ಕಿಯೇ ಇದೆ. ಅಕ್ಕಿ-ಬೇಳೆ ಬಿಡುವ ರೂಢಿ ದಾಖಲೆಗೆ ಬರುವುದು 13ನೇ ಶತಮಾನದ ಫ್ರಾನ್ಸಿನಲ್ಲಿ. ಗೋಧಿ ಕಾಳು ಬೆರೆತಿರಬಹುದು, ಬೇಳೆಯ ಹಿಟ್ಟನ್ನೂ ಗೋಧಿ ಹಿಟ್ಟನ್ನೂ ಜನ ಗುರುತು ತಪ್ಪಬಹುದು ಎಂಬುದು ಕೊಟ್ಟ ಕಾರಣ. 16ನೇ ಶತಮಾನದಲ್ಲಿ ಯೋಸೆಫ್ ಕಾರೋ ತಮ್ಮ ಧರ್ಮಶಾಸ್ತ್ರ ಗ್ರಂಥದಲ್ಲಿ ಅಕ್ಕಿಗೆ ಅಡ್ಡಿಯಿಲ್ಲ ಎಂದು ಬರೆದರೆ, ಕ್ರಾಕೋವ್‌ನ ಮೋಶೆ ಇಸ್ಸರ್ಲೆಸ್ ಅದೇ ಗ್ರಂಥಕ್ಕೆ ಟಿಪ್ಪಣಿ ಸೇರಿಸಿ ಅಶ್ಕೆನಾಜಿಗಳಿಗೆ, ಅಂದರೆ ಮಧ್ಯ ಮತ್ತು ಪೂರ್ವ ಯೂರೋಪಿನ ಯೆಹೂದಿಗಳಿಗೆ, ಬೇಡ ಎಂದರು. 2015ರಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ ಅಶ್ಕೆನಾಜಿಗಳಿಗೂ ಅನುಮತಿ ಕೊಟ್ಟಿತು. ಹಾಗಾಗಿ ನಿಮ್ಮ ವಾಕ್ಯದ ‘ಎಲ್ಲ’ರಲ್ಲಿ ಬಾಗ್ದಾದಿನವರಿಲ್ಲ, ಕೊಚ್ಚಿಯವರಿಲ್ಲ.

ತಾಲ್ಮುದನ್ನೇ ಒಪ್ಪದ ಕರಾಯಿಟರು ನಾಲ್ಕು ಲೋಟದ ವಿಧಿ ಇಟ್ಟುಕೊಂಡಿಲ್ಲ. ಇಥಿಯೋಪಿಯಾದ ಬೇತಾ ಇಸ್ರೇಲರಿಗೆ ತಾಲ್ಮುದ್ ತಲುಪಿರಲೇ ಇಲ್ಲ, ಅವರ ಪುರೋಹಿತರು ಕುರಿಯನ್ನೇ ಬಲಿ ಕೊಡುತ್ತಿದ್ದರು. ನಾಬ್ಲುಸ್ ಪಕ್ಕದ ಗೆರಿಜೀಮ್ ಬೆಟ್ಟದಲ್ಲಿ ಸಮಾರ್ಯರು ಇಂದಿಗೂ ಕುರಿಗಳನ್ನು ನೆಲದ ಗುಂಡಿಗಳಲ್ಲಿ ಸುಟ್ಟು ತಿನ್ನುತ್ತಾರೆ. ಆದರೆ ಅವರು ತಮ್ಮನ್ನು ಯೆಹೂದಿಗಳೆಂದಲ್ಲ, ಇಸ್ರಾಯೇಲ್ಯರೆಂದು ಕರೆದುಕೊಳ್ಳುತ್ತಾರೆ. ಬರೆಯುವಾಗ ಎಚ್ಚರ. ಕೊಂಕಣದಲ್ಲಿ ಎಣ್ಣೆಗಾಣ ನಡೆಸುತ್ತಿದ್ದ ಬೆನೆ ಇಸ್ರೇಲರಿಗೆ 1846ರಲ್ಲಿ ಮುಂಬೈಯಲ್ಲಿ ಮರಾಠಿ ಅನುವಾದದೊಂದಿಗೆ ಹಗ್ಗದಾ ಅಚ್ಚಾಯಿತು. 1874ರ ಪುಣೆಯ ಹಗ್ಗದಾದಲ್ಲಿ ಸೀರೆಯುಟ್ಟ ಹೆಂಗಸರು ಪಸ್ಕದ ರೊಟ್ಟಿ ಮಾಡುತ್ತಿರುವ ಚಿತ್ರವಿದೆ. ನೀವು ಅಂತರ್ಜಾಲದಿಂದ ತೆಗೆದ ನ್ಯೂಯಾರ್ಕಿನ ಊಟದ ಮೇಜಿನ ಫೋಟೋ ಬದಲು ಆ ಚಿತ್ರ ಹಾಕೋಣ.

ಈಗ ಕೆಲಸ. ಶೀರ್ಷಿಕೆಯಿಂದ ‘ಅಖಂಡ’ ತೆಗೆಯಿರಿ. ಫರೋಹನ ಕಥೆಯ ಒಂದೂವರೆ ಪುಟವನ್ನು ಐದು ಸಾಲಿಗೆ ಇಳಿಸಿ, ಅದು ಓದುಗರಿಗೆ ಗೊತ್ತು. ಉಳಿದ ಜಾಗವನ್ನು ಕ್ರಿ.ಶ. 70ರ ನಂತರದ ಇನ್ನೂರು ವರ್ಷಗಳಿಗೆ ಕೊಡಿ. ಅಕ್ಕಿಯ ವಿಷಯಕ್ಕೆ ಒಂದೇ ಪ್ಯಾರಾ ಸಾಕು, ಆದರೆ ಪ್ರತಿ ವಾಕ್ಯದಲ್ಲೂ ಯಾವ ಊರಿನವರು, ಯಾವ ಶತಮಾನದಿಂದ ಎಂಬುದಿರಲಿ. 1,500 ಪದ ಮೀರದಂತೆ ತಿದ್ದಿ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ಇಂತು,
ಸಂಪಾದಕ