ಒಡ್ಡು ಕಟ್ಟಿದವರೇ ಒಡೆದದ್ದೇಕೆ?

ಪ್ರಶ್ನೆ: ಅಮೆರಿಕದ ಎಂಜಿನಿಯರುಗಳು 2011ರಲ್ಲಿ ಮಿಸಿಸಿಪಿ ನದಿಯ ದಡದ ಒಡ್ಡನ್ನು ತಾವೇ ಸಿಡಿಸಿ ಹೊಲಗಳನ್ನು ಮುಳುಗಿಸಿದರಂತೆ. ಅಷ್ಟು ಹಣವಿರುವ ದೇಶ ಒಡ್ಡನ್ನು ಇನ್ನಷ್ಟು ಎತ್ತರಿಸಬಾರದಿತ್ತೇ?

ಉತ್ತರ: ಎತ್ತರಿಸಿ ನೋಡಿಯಾಗಿತ್ತು. ಒಡ್ಡೊಂದಿದ್ದರೆ ಸಾಕು, ಹೆಚ್ಚುವರಿ ನೀರಿಗೆ ಬೇರೆ ದಾರಿ ಬೇಡ ಎಂಬುದು ಅಲ್ಲಿನ ಸೇನಾ ಎಂಜಿನಿಯರುಗಳು ದಶಕಗಳ ಕಾಲ ಹಿಡಿದಿದ್ದ ಪಟ್ಟು. ನದಿಯನ್ನು ಇಕ್ಕಟ್ಟಾಗಿಸಿದರೆ ವೇಗ ಹೆಚ್ಚಿ, ಅದೇ ತನ್ನ ತಳವನ್ನು ಕೊರೆದುಕೊಳ್ಳುತ್ತದೆ ಎಂಬ ಲೆಕ್ಕಾಚಾರ. ಕಾಗದದ ಮೇಲೆ ಚೆಂದವಾಗಿಯೇ ಇತ್ತು. ಆದರೆ ಹರಡಲು ಜಾಗ ಸಿಗದ ನೀರು ಮೇಲಕ್ಕೇರಿತು, ಒಡ್ಡೂ ಅದರ ಬೆನ್ನು ಹತ್ತಿ ಏರುತ್ತ ಹೋಯಿತು. 1927ರ ಏಪ್ರಿಲ್ 21ರಂದು ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಒಡ್ಡು ಬಾಯಿಬಿಟ್ಟಿತು. ಆ ವರ್ಷ ಕಣಿವೆಯಲ್ಲಿ ಸುಮಾರು 70,000 ಚದರ ಕಿ.ಮೀ. ನೆಲ ಮುಳುಗಿ, ಆರು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು.

ಇದಾದ ಎಂಟನೆಯ ದಿನ ನಡೆದದ್ದು ನನಗೆ ಇಂದಿಗೂ ಅರಗದ ಸಂಗತಿ. ನ್ಯೂ ಆರ್ಲಿಯನ್ಸ್ ನಗರವನ್ನು ಉಳಿಸಲೆಂದು ಅದರ ಕೆಳಗೆ ಕೇರ್‌ನಾರ್ವನ್‌ನಲ್ಲಿ ಡೈನಮೈಟ್ ಇಟ್ಟು ಒಡ್ಡು ಒಡೆದರು. ನೀರು ಪಾಲಾದದ್ದು ಬಡ ಮೀನುಗಾರರ, ಬೇಟೆಗಾರರ ನೆಲ. ಮೇಲ್ಭಾಗದಲ್ಲಿ ಒಡ್ಡುಗಳು ತಾವಾಗಿಯೇ ಒಡೆದದ್ದರಿಂದ ನಗರಕ್ಕೆ ಅಪಾಯ ಹೇಗೂ ತಪ್ಪುತ್ತಿತ್ತು. ಕೊಡುತ್ತೇವೆಂದಿದ್ದ ಪರಿಹಾರದಲ್ಲೂ ಬಹುಪಾಲು ಜನರ ಕೈಸೇರಲಿಲ್ಲ.

ಮರುವರ್ಷ ಬಂದ ಪ್ರವಾಹ ನಿಯಂತ್ರಣ ಕಾಯ್ದೆ ನೀರಿಗೂ ಜಾಗ ಗೊತ್ತುಮಾಡಿತು. ನೀವು ಕೇಳಿದ 2011ರ ಸ್ಫೋಟ ನಡೆದ, ಮಿಸೌರಿ ರಾಜ್ಯದ ಬರ್ಡ್ಸ್ ಪಾಯಿಂಟ್ ಅಂಥದ್ದೊಂದು ಜಾಗ. ಅಗತ್ಯ ಬಿದ್ದಾಗ ಅಲ್ಲಿಗೆ ನೀರು ನುಗ್ಗಿಸುವ ಹಕ್ಕನ್ನು ಸರ್ಕಾರ ಹಣ ಕೊಟ್ಟು ಎಂದೋ ಕೊಂಡಿತ್ತು. 2011ರ ಮೇ 2ರ ರಾತ್ರಿ, ಒಡ್ಡಿನೊಳಗೆ ಹೂತಿದ್ದ ಕೊಳವೆಗಳಿಗೆ ದ್ರವ ಸ್ಫೋಟಕ ತುಂಬಿ ಸಿಡಿಸಿದರು, ಸುಮಾರು 1.3 ಲಕ್ಷ ಎಕರೆ ಜಲಾವೃತವಾಯಿತು, ಓಹಾಯೋ ನದಿ ಬಂದು ಸೇರುವಲ್ಲಿನ ಕೈರೋ ಪಟ್ಟಣ ಉಳಿಯಿತು. ತಡೆಯಲು ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬರಿಗೈಲಿ ಮರಳಿತ್ತು. ಅಜ್ಜನ ಕಾಲದಲ್ಲಿ ಹಣ ಸಂದಿದೆ ಎಂದರೆ ಬಿತ್ತಿದ ಹೊಲ ಮುಳುಗುವ ಸಂಕಟ ಕಡಿಮೆಯಾಗುವುದಿಲ್ಲ, ನಿಜ. ಆದರೂ 1927ರ ಡೈನಮೈಟನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಒಡ್ಡಿನ ಆಚೆ ಹೊಲದಲ್ಲಿ ನೀರು ಬುಗ್ಗೆಯಾಗಿ ಉಕ್ಕುತ್ತಿರುತ್ತದೆ, ಜನ ಅದನ್ನು ಮುಚ್ಚದೆ ಸುತ್ತಲೂ ಮರಳಿನ ಮೂಟೆ ಪೇರಿಸುತ್ತಾರೆ. ಏಕೆ?

ಉತ್ತರ: ಏರಿಯ ಮೇಲೆ ಟಾರ್ಚ್ ಹಿಡಿದು ರಾತ್ರಿ ಕಾವಲು ಕಾದವರೆಲ್ಲ ಇದಕ್ಕೆ ಹೆದರುತ್ತಾರೆ, ನನ್ನ ನೌಕರಿಯಲ್ಲಿ ನಾನೂ ಹೆದರಿದ್ದೇನೆ. ನದಿಯ ಒತ್ತಡಕ್ಕೆ ನೀರು ಒಡ್ಡಿನ ಅಡಿಯ ಮರಳಿನ ಪದರದಲ್ಲಿ ನುಸುಳಿ ಆಚೆ ಉಕ್ಕುತ್ತದೆ. ಬಾಯಿ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತದೆ. ಸುತ್ತ ಮೂಟೆ ಪೇರಿಸಿದರೆ ಒಳಗೆ ನೀರು ನಿಂತು, ಅದರ ಭಾರ ಉಕ್ಕುವ ನೀರನ್ನು ಎದುರೊತ್ತುತ್ತದೆ. ಪೂರ್ತಿ ನಿಲ್ಲಿಸಬೇಕಿಲ್ಲ. ಬರುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಬೇಕು: ತಿಳಿಯಾಗಿದ್ದರೆ ಹರಿಯಲಿ ಬಿಡಿ; ಮರಳು ಬರುತ್ತಿದ್ದರೆ ಒಡ್ಡಿನ ಬುಡ ಟೊಳ್ಳಾಗುತ್ತಿದೆ ಎಂದರ್ಥ, ಇನ್ನೊಂದು ಸಾಲು ಮೂಟೆ ಏರಿಸಬೇಕು. ನೀರು ಒಡ್ಡಿನ ತಲೆ ಮುಟ್ಟುವ ಮೊದಲೇ ಒಡ್ಡು ಕುಸಿಯುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಹಾಗಾದರೆ ಮಿಸಿಸಿಪಿ ಈಗ ಹತೋಟಿಯಲ್ಲಿದೆಯೇ?

ಉತ್ತರ: ಸದ್ಯಕ್ಕೆ. ಸಮುದ್ರ ಸೇರಲು ಈಗಿನದರ ಸುಮಾರು ಅರ್ಧದಷ್ಟೇ ದೂರವಿರುವ ಅಚಾಫಲಾಯ ನದಿಯ ದಾರಿ ಹಿಡಿಯಲು ಅದು ಬಹುಕಾಲದಿಂದ ಹವಣಿಸುತ್ತಿದೆ. ಹಾಗಾದರೆ ನ್ಯೂ ಆರ್ಲಿಯನ್ಸ್ ಬಂದರಿನ ಗತಿ ಮುಗಿದಂತೆಯೇ. ಮಿಸಿಸಿಪಿ ಮತ್ತು ರೆಡ್ ನದಿಗಳ ಒಟ್ಟು ನೀರಿನಲ್ಲಿ ಶೇ. 30ರಷ್ಟನ್ನು ಮಾತ್ರ ಅತ್ತ ಬಿಡಲು ಮಿಸಿಸಿಪಿಯ ನೀರು ಅತ್ತ ಹೊರಳುವ ಓಲ್ಡ್ ರಿವರ್ ಎಂಬಲ್ಲಿ 1963ರಲ್ಲಿ ಗೇಟುಗಳು ಸಿದ್ಧವಾದವು. ಹತ್ತೇ ವರ್ಷದಲ್ಲಿ, 1973ರ ಪ್ರವಾಹ ಆ ಗೇಟುಗಳ ಕಟ್ಟೆಯ ಅಡಿಪಾಯದ ಕೆಳಗೆ ಕೊರೆದು ಪಕ್ಕದ ರೆಕ್ಕೆಗೋಡೆಯನ್ನು ಉರುಳಿಸಿತು. ಭಾರ ಹಂಚಿಕೊಳ್ಳಲು 1986ರಲ್ಲಿ ಅಂಥದೇ ಇನ್ನೊಂದು ಕಟ್ಟೆ ಸೇರಿತು. ಮೂರನೆಯದಕ್ಕೂ ಜಾಗ ಗುರುತಿಸಿಡುವುದು ಒಳ್ಳೆಯದು ಎಂದು ನನ್ನೊಳಗಿನ ಹಳೆಯ ಎಂಜಿನಿಯರ್ ಹೇಳುತ್ತಾನೆ.