ಕೆಂಪು ಅಳಿಲನ್ನು ಹಿಮ್ಮೆಟ್ಟಿಸಿದ್ದು ಯಾವುದು?

ಪ್ರಶ್ನೆ: ಬ್ರಿಟನ್ನಿನ ಕೆಂಪು ಅಳಿಲುಗಳನ್ನು ಅಮೆರಿಕದ ಬೂದು ಅಳಿಲುಗಳು ಕಚ್ಚಿ ಕೊಲ್ಲುತ್ತಿವೆ ಎಂದು ಓದಿದೆ. ಇದು ನಿಜವೇ? ಆ ಅಳಿಲೂ ನಮ್ಮ ಮಲೆನಾಡಿನ ಕೆಂಜಳಿಲೂ ಒಂದೆಯೇ? ಅದನ್ನು ಉಳಿಸಲು ಸಾಧ್ಯವೇ?
– ಓದುಗರೊಬ್ಬರು, ಚನ್ನಗಿರಿ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಿಮಗೆ ಹತ್ತಿರದ ಭದ್ರಾ ಕಾಡಿನ ಕೆಂಜಳಿಲು ಒಂದೂವರೆ ಕಿಲೋಗೂ ಹೆಚ್ಚು ತೂಗುವ ಬೇರೆಯೇ ಪ್ರಾಣಿ. ನೀವು ಓದಿದ ಕೆಂಪು ಅಳಿಲಿನ ತೂಕ ಸುಮಾರು 300 ಗ್ರಾಂ ಮಾತ್ರ. ಐರ್ಲೆಂಡಿನಿಂದ ಜಪಾನಿನವರೆಗೆ ಹರಡಿರುವ ಈ ಜಾತಿ ಜಗತ್ತಿನ ಮಟ್ಟದಲ್ಲಿ ಅಳಿವಿನ ಅಂಚಿಗೆ ಬಂದಿಲ್ಲ. ಬ್ರಿಟನ್, ಐರ್ಲೆಂಡ್ ಹಾಗೂ ಇಟಲಿಯಲ್ಲಿ, ಮನುಷ್ಯನೇ ಬೂದು ಅಳಿಲನ್ನು ತಂದು ಬಿಟ್ಟ ಕಡೆಗಳಲ್ಲಿ, ಅದು ನೆಲೆ ಕಳೆದುಕೊಳ್ಳುತ್ತಿದೆ.

ಕಚ್ಚಿ ಕೊಲ್ಲುತ್ತವೆ ಎಂಬ ಮಾತು ಸರಿಯಲ್ಲ. 1876ರಲ್ಲಿ ಚೆಷೈರ್‌ನ ಎಸ್ಟೇಟೊಂದರಲ್ಲಿ ಅಂದಕ್ಕೆಂದು ಬಿಟ್ಟ ಬೂದು ಅಳಿಲುಗಳು, ಆಮೇಲೆ ಬೇರೆ ಬೇರೆ ಕಡೆ ಬಿಟ್ಟವುಗಳೊಂದಿಗೆ ಸೇರಿ ಹಬ್ಬಿದವು. ತೋಟದ ಅಂದಕ್ಕೆಂದು ತಂದ ಲಂಟಾನ ನಮ್ಮ ಕುರುಚಲು ಕಾಡುಗಳನ್ನು ನುಂಗಿದ್ದನ್ನು ಕಂಡ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಬೂದು ಅಳಿಲು ಗಾತ್ರದಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಓಕ್ ಮರದ ಕಾಯಿಯನ್ನು ಕೆಂಪು ಅಳಿಲಿಗಿಂತ ಚೆನ್ನಾಗಿ ಅರಗಿಸಿಕೊಳ್ಳುತ್ತದೆ, ಹೇಜಲ್ ಕಾಯಿಯನ್ನು ಬಲಿಯುವ ಮೊದಲೇ ತಿಂದು ಮುಗಿಸುತ್ತದೆ. ಊರಿನ ಹುಣಸೆಯನ್ನೆಲ್ಲ ಹಣ್ಣಾಗುವ ಮುನ್ನವೇ ಯಾರೋ ಬಡಿದುಕೊಂಡು ಹೋದರೆ ಉಳಿದವರ ಪಾಡು ಏನಾದೀತೋ, ಕೆಂಪು ಅಳಿಲಿನದೂ ಅದೇ ಪಾಡು. ಮೈಯಲ್ಲಿ ಕಸುವಿಲ್ಲದ ಹೆಣ್ಣುಗಳು ಮರಿ ಹಾಕುವುದೇ ಕಡಿಮೆಯಾಗುತ್ತದೆ.

ಇದಕ್ಕಿಂತ ಕ್ರೂರವಾದದ್ದು ಅಳಿಲು ಸಿಡುಬು. ಬೂದು ಅಳಿಲುಗಳು ಈ ವೈರಸ್ಸನ್ನು ಹೊತ್ತು ತಿರುಗಿದರೂ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಬಾಯಿ, ಪಾದಗಳ ಸುತ್ತ ಹುಣ್ಣಾಗಿ, ತಿನ್ನಲಾಗದೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ ಸಾಯುತ್ತದೆ. ಈಗ ಬ್ರಿಟನ್ನಿನಲ್ಲಿ ಬೂದು ಅಳಿಲುಗಳು ಸುಮಾರು 27 ಲಕ್ಷ, ಕೆಂಪು ಅಳಿಲುಗಳು 3 ಲಕ್ಷಕ್ಕೂ ಕಡಿಮೆ ಎಂಬುದು ಅಂದಾಜು. ಉಳಿದವುಗಳಲ್ಲಿ ಹೆಚ್ಚಿನವು ಸ್ಕಾಟ್ಲೆಂಡಿನಲ್ಲಿವೆ.

ಉಳಿಸಲು ಖಂಡಿತ ಸಾಧ್ಯ, ಆದರೆ ಅದು ಸುಲಭದ ಮಾರ್ಗವಲ್ಲ. ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ಸುಮಾರು 40ಕ್ಕೆ ಇಳಿದಿದ್ದ ಕೆಂಪು ಅಳಿಲುಗಳು, 1998ರಿಂದ ಬೂದು ಅಳಿಲುಗಳನ್ನು ಹಿಡಿದು ಕೊಂದು ತೆರವುಗೊಳಿಸಿದ ಮೇಲೆ ನೂರಾರಕ್ಕೆ ಏರಿದವು. ಒಂದು ಜೀವವನ್ನು ಉಳಿಸಲು, ತನ್ನ ತಪ್ಪಿಲ್ಲದೆ ಅಲ್ಲಿಗೆ ಬಂದ ಇನ್ನೊಂದನ್ನು ಕೊಲ್ಲಬೇಕಾದದ್ದು ನನಗೆ ನೋವಿನ ಸಂಗತಿ. ಆದರೂ ಅದನ್ನು ತಪ್ಪೆನ್ನಲಾರೆ. ಹೆಚ್ಚಿನ ಭರವಸೆ ನನಗೆ ಕಾಣುವುದು ಪೈನ್ ಮಾರ್ಟೆನ್ ಎಂಬ, ಮರವೇರಿ ಬೇಟೆಯಾಡುವ ಪ್ರಾಣಿಯಲ್ಲಿ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಅದು ಮರಳಿ ನೆಲೆಸಿದ ಕಾಡುಗಳಲ್ಲಿ ಬೂದು ಅಳಿಲುಗಳು ಕಡಿಮೆಯಾಗಿ ಕೆಂಪು ಅಳಿಲುಗಳು ಹಿಂದಿರುಗಿವೆ. ತಲೆತಲಾಂತರದಿಂದ ಜೊತೆಗೇ ಬಾಳಿದ ಕೆಂಪು ಅಳಿಲು ಅದರ ವಾಸನೆ ಹಿಡಿದೊಡನೆ ಎಚ್ಚರವಾಗುತ್ತದೆ. ಹೊಸಬನಾದ ಬೂದು ಅಳಿಲಿಗೆ ಆ ಎಚ್ಚರ ಇನ್ನೂ ಬಂದಿಲ್ಲ.